ಬೆಂಕಿಯಿಲ್ಲದ ಒಲೆ: ವಿಹಾರ ನೌಕೆಯಲ್ಲಿ ಇಟಲಿಯ ಊಟ

ಮಳೆಗಾಲ ಕಳೆದು ಕಡಲು ಶಾಂತವಾದ ಮೇಲೆ, ಮಂಗಳೂರಿಗೆ ಸಮೀಪದ ಪಣಂಬೂರಿನ ಬಂದರಿಗೆ ಎಣ್ಣೆ, ಕಲ್ಲಿದ್ದಲು ಮೊದಲಾದ ಸರಕನ್ನು ಹೊತ್ತ ಹಡಗುಗಳ ನಡುವೆ ಆಗೊಮ್ಮೆ ಈಗೊಮ್ಮೆ ಬೆಳ್ಳನೆಯ ವಿಹಾರ ನೌಕೆಯೊಂದು ಬಂದು ನಿಲ್ಲುವುದುಂಟು. 2016–17ರ ಋತುವಿನಲ್ಲಿ ಹೀಗೆ ಬಂದುಹೋದ ನೌಕೆಗಳಲ್ಲಿ ‘ಕೋಸ್ಟಾ ನಿಯೋಕ್ಲಾಸಿಕಾ’ ಒಂದು. 1991ರಲ್ಲಿ ಇಟಲಿಯಲ್ಲಿಯೇ ಕಟ್ಟಿದ, ಸುಮಾರು 53,000 ಟನ್ನಿನ ಈ ಹಡಗು ಆಗ ಜಿನೋವಾ ನಗರದ ಕೋಸ್ಟಾ ಸಂಸ್ಥೆಗೆ ಸೇರಿತ್ತು. ಮುಂಬಯಿಯಿಂದ ಹೊರಟು ಮಂಗಳೂರು, ಕೊಚ್ಚಿಗಳನ್ನು ಹಾದು ಮಾಲ್ಡೀವ್ಸ್ ದ್ವೀಪಗಳಿಗೆ ಅದು ಪ್ರಯಾಣ ಮಾಡುತ್ತಿತ್ತು. ಹೀಗೆ ಇಟಲಿಯ ಅಡುಗೆಮನೆಯೊಂದು ಇಡಿಯಾಗಿ ತೇಲಿಕೊಂಡು ನಮ್ಮ ಬಾಗಿಲಿಗೇ ಬಂದಂತಾಗಿತ್ತು.

ಕಡಲಿನಿಂದ ಸುಮಾರು 350 ಕಿಲೋಮೀಟರು ಒಳಗೆ, ಬೆಂಗಳೂರಿನ ಪೀಣ್ಯದಲ್ಲಿ ಇರುವವರಿಗೆ ಇದರಿಂದ ಆಗಬೇಕಾದುದೇನು ಎಂದು ವಾಚಕರು ಕೇಳಬಹುದು. ಪೀಣ್ಯದ ಕೈಗಾರಿಕಾ ಬಡಾವಣೆಯಲ್ಲಿ ಹೋಟೆಲು, ಬೇಕರಿ, ಕ್ಯಾಂಟೀನುಗಳಿಗೆ ಬೇಕಾದ ಸ್ಟೇನ್‌ಲೆಸ್ ಸ್ಟೀಲಿನ ಮೇಜು, ಒಲೆ, ಹಬೆಯ ಪಾತ್ರೆಗಳನ್ನು ತಯಾರಿಸುವ ಕಾರ್ಖಾನೆಗಳಿವೆ. ಹಡಗಿನ ಅಡುಗೆಮನೆಯೆಂದರೆ ಬಹುಮಟ್ಟಿಗೆ ಇಂಥದೇ ಸ್ಟೀಲಿನ ಕೋಣೆ. ಅದನ್ನು ನೀರಿನ ಮೇಲೆ ತೇಲಬಿಟ್ಟಿದೆ, ಅಷ್ಟೆ. ಅಲ್ಲಿನ ಅಡುಗೆಯವನನ್ನು ಕಾಡುವ ಪ್ರಶ್ನೆ ಇಲ್ಲಿನ ಬೇಕರಿಯವನನ್ನೂ ಕಾಡುತ್ತದೆ: ಇಟ್ಟಿಗೆಯ ಭಟ್ಟಿಯಲ್ಲಿ ಚೆನ್ನಾಗಿ ಬೇಯುವ ಪದಾರ್ಥವು ಸ್ಟೀಲಿನ ಓವನ್ನಿನಲ್ಲಿ, ಅದೇ ಉಷ್ಣತೆಯಲ್ಲಿಟ್ಟರೂ, ಏಕೆ ಕೆಡುತ್ತದೆ?

ಮೊದಲು ಹಡಗಿನ ಊಟದ ಪರಿಪಾಟವನ್ನು ನೋಡೋಣ. ಇಂದಿನ ದೊಡ್ಡ ವಿಹಾರ ನೌಕೆಗಳಲ್ಲಿ ಇಟಲಿಯ ಊಟ ಸಾಮಾನ್ಯವಾಗಿ ಎರಡು ಬಗೆಯಾಗಿ ದೊರೆಯುತ್ತದೆ. ಒಂದು, ಹೊತ್ತುಗೊತ್ತಿಲ್ಲದೆ ಹೋಗಿ ಕುಳಿತು ಪಿಜ್ಜಾ ತಿಂದು ಬರಬಹುದಾದ ಸರಳ ಉಪಾಹಾರ ಮಂದಿರ. ಇನ್ನೊಂದು, ಮುಂಚಿತವಾಗಿ ಸ್ಥಳ ಕಾದಿರಿಸಿ, ಪ್ರಯಾಣದ ದರದ ಮೇಲೆ ಪ್ರತ್ಯೇಕ ಹಣ ತೆತ್ತು, ಒಂದೊಂದೇ ಭಕ್ಷ್ಯವನ್ನು ಬಡಿಸಿಕೊಂಡು ನಿಧಾನವಾಗಿ ಉಣ್ಣುವ ವಿಶೇಷ ಭೋಜನಶಾಲೆ. ಪ್ರಿನ್ಸೆಸ್ ಸಂಸ್ಥೆಯ ಹಡಗುಗಳ ‘ಆಲ್ಫ್ರೆಡೋಸ್’ ಮೊದಲನೆಯ ಬಗೆಗೂ ‘ಸಬಾಟಿನೀಸ್’ ಎರಡನೆಯ ಬಗೆಗೂ ಉದಾಹರಣೆ. ಈ ಎರಡನೆಯ ಪದ್ಧತಿ ಹೊಸದೇನೂ ಅಲ್ಲ. 1905ರಲ್ಲಿ ಹೊರಟ ‘ಅಮೆರಿಕಾ’ ಎಂಬ ಜರ್ಮನ್ ಹಡಗಿನಲ್ಲಿಯೇ ಬೇಕಾದುದನ್ನು ಹೇಳಿ ತರಿಸಿಕೊಂಡು, ಅದಕ್ಕೆ ಬೇರೆ ಹಣ ಕೊಡುವ ಭೋಜನಶಾಲೆಯಿತ್ತು. 1912ರಲ್ಲಿ ಮುಳುಗಿದ ಟೈಟಾನಿಕ್ ಹಡಗಿನಲ್ಲಿಯೂ ಅಂಥದೊಂದಿತ್ತು; ಅದನ್ನು ನಡೆಸುತ್ತಿದ್ದವನು ಲುಯಿಜಿ ಗಾಟ್ಟಿ ಎಂಬ ಇಟಲಿಯವನು. ಬಡಿಸುತ್ತಿದ್ದುದು ಫ್ರೆಂಚ್ ಅಡುಗೆಯಾದರೂ ಅವನ ಸಿಬ್ಬಂದಿಯಲ್ಲಿ ಬಹುಮಂದಿ ಇಟಲಿಯವರು. ಅರವತ್ತಕ್ಕೂ ಮಿಕ್ಕಿದ್ದ ಆ ಸಿಬ್ಬಂದಿಯಲ್ಲಿ ಬದುಕಿ ಉಳಿದವರು ಮೂವರು ಮಾತ್ರ.

ಆ ದುರಂತದ ಫಲವಾಗಿ 1914ರಲ್ಲಿ ಕಡಲಿನಲ್ಲಿ ಪ್ರಾಣರಕ್ಷಣೆಗಾಗಿ ಅಂತರರಾಷ್ಟ್ರೀಯ ಒಪ್ಪಂದವೊಂದು ಸಿದ್ಧವಾಯಿತು. ಅದು ಹಲವು ಬಾರಿ ಪರಿಷ್ಕೃತವಾಗಿ, 1974ರ ರೂಪದಲ್ಲಿ, ಅನಂತರದ ತಿದ್ದುಪಡಿಗಳೊಡನೆ ಇಂದಿಗೂ ಜಾರಿಯಲ್ಲಿದೆ. ನೀರಿನ ಮೇಲೆ ಇರುವವರಿಗೆ ನೀರಿಗಿಂತ ಬೆಂಕಿಯ ಭಯವೇ ಹೆಚ್ಚೆಂಬುದು ವಿಚಿತ್ರವಾಗಿ ತೋರಬಹುದು. ಆದರೆ 1934ರಲ್ಲಿ ಅಮೆರಿಕದ ತೀರದ ಸಮೀಪದಲ್ಲಿಯೇ ‘ಮಾರೋ ಕ್ಯಾಸಲ್’ ಹಡಗು ಹೊತ್ತಿ ಉರಿದಾಗ 130ಕ್ಕೂ ಹೆಚ್ಚು ಮಂದಿ ಸತ್ತರು. ಆ ಬೆಂಕಿ ಹುಟ್ಟಿದ್ದು ಅಡುಗೆಮನೆಯಲ್ಲಲ್ಲ, ನಿಜ. ಆದರೂ ಅಂದಿನಿಂದ ಬಿಗಿಯಾಗುತ್ತ ಬಂದ ನಿಯಮಗಳು ಅಡುಗೆಮನೆಯನ್ನು ಬಿಡಲಿಲ್ಲ. ಇಂದಿನ ಪ್ರಯಾಣಿಕರ ಹಡಗುಗಳಲ್ಲಿ ಅಡುಗೆ ಆಗುವುದು ಸಾಮಾನ್ಯವಾಗಿ ವಿದ್ಯುತ್ತಿನಿಂದ ಮತ್ತು ಹಬೆಯಿಂದ, ಜ್ವಾಲೆಯಿಂದ ಅಲ್ಲ.

ಅನಿಲದ ಸಿಲಿಂಡರಿನ ಒಲೆ ಹಡಗಿನಲ್ಲಿ ಏಕೆ ಸಲ್ಲದು? ನಮ್ಮ ಮನೆಗಳಲ್ಲಿ ಉರಿಸುವ ಅನಿಲವು ಪ್ರೋಪೇನ್ ಮತ್ತು ಬ್ಯುಟೇನುಗಳ ಮಿಶ್ರಣ. ಅವುಗಳ ಅಣುಭಾರ ಕ್ರಮವಾಗಿ 44 ಮತ್ತು 58. ಗಾಳಿಯದು ಸರಾಸರಿ 29. ಎಂದರೆ ಸೋರಿದ ಅನಿಲವು ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರವಾಗಿದ್ದು, ನೀರಿನಂತೆ ತಗ್ಗಿಗೆ ಹರಿಯುತ್ತದೆ. ಮನೆಯಲ್ಲಾದರೆ ಬಾಗಿಲನ್ನು ತೆರೆದಾಗ ಅದು ಹೊಸ್ತಿಲು ದಾಟಿ ಅಂಗಳಕ್ಕೆ ಹೋಗುತ್ತದೆ. ಹಡಗಾದರೋ ಒಂದು ದೊಡ್ಡ ಬೋಗುಣಿ. ಅದರ ತಳಕ್ಕೆ ಬಾಗಿಲಿಲ್ಲ, ಇರಲೂಕೂಡದು! ಮೇಲಿನ ಅಂತಸ್ತಿನಲ್ಲಿ ಸೋರಿದ ಅನಿಲ ಮೆಟ್ಟಿಲುಗಳನ್ನು ಇಳಿದು ತಳಭಾಗದಲ್ಲಿ ತಂಗಿ, ಯಂತ್ರದ ಕಿಡಿಯೊಂದನ್ನು ಕಾಯುತ್ತ ಕೂರುತ್ತದೆ. (ನೆಲಮಾಳಿಗೆಯಲ್ಲಿ ಅನಿಲದ ಸಿಲಿಂಡರನ್ನು ಇಡಬಾರದೆಂಬ ಎಚ್ಚರಿಕೆಗೂ ಇದೇ ಕಾರಣ. ಪೀಣ್ಯದ ಇಕ್ಕಟ್ಟಾದ ಷೆಡ್ಡುಗಳಲ್ಲಿ ಕೆಲಸ ಮಾಡುವವರು ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು.)

ಎಣ್ಣೆಯ ಬಾಂಡಲೆಗೂ ಇಂಥದೇ ಕಟ್ಟುನಿಟ್ಟು. ಹಡಗಿನಲ್ಲಿ ಕರಿಯುವ ಯಂತ್ರಕ್ಕೆ ಉಷ್ಣತೆಯನ್ನು ಮಿತಿಯಲ್ಲಿಡುವ ಸಾಧನ ಒಂದಲ್ಲ, ಎರಡಿರಬೇಕು. ಒಂದು ಕೆಟ್ಟರೆ ಮತ್ತೊಂದು ಇರಲೆಂದು. ಬೆಂಕಿ ಆರಿಸುವ ವ್ಯವಸ್ಥೆ ಅದರೊಡನೆಯೇ ಇದ್ದು, ಅದು ಕೆಲಸಕ್ಕೆ ತೊಡಗಿದೊಡನೆ ವಿದ್ಯುತ್ತು ತಾನಾಗಿ ನಿಂತುಹೋಗಬೇಕು. ಹೊತ್ತಿದ ಎಣ್ಣೆಗೆ ನೀರು ಸುರಿಯುವುದು ಮಹಾಪರಾಧ. ನೀರು ಎಣ್ಣೆಗಿಂತ ಭಾರವಾದುದರಿಂದ ಅಡಿಗೆ ಇಳಿಯುತ್ತದೆ, ಅಲ್ಲಿ ಒಮ್ಮೆಗೇ ಆವಿಯಾಗಿ ಸುಮಾರು 1,700 ಪಟ್ಟು ಹಿಗ್ಗುತ್ತದೆ, ಉರಿಯುವ ಎಣ್ಣೆಯನ್ನು ಚಾವಣಿಗೆ ಎಸೆಯುತ್ತದೆ. ನಮ್ಮ ಕರಾವಳಿಯ ಅನೇಕ ತರುಣರು ಹೋಟೆಲ್ ಶಿಕ್ಷಣ ಪಡೆದು ಇಂಥ ಹಡಗುಗಳಲ್ಲಿ ಕೆಲಸಕ್ಕೆ ಸೇರುತ್ತಾರಷ್ಟೆ. ಪಾಸ್ತಾ ಬಡಿಸುವುದಕ್ಕೆ ಮೊದಲು ಅವರು ಬೆಂಕಿಯನ್ನು ತಡೆಯುವ, ಆರಿಸುವ ತರಬೇತಿಯನ್ನು ಪಡೆದಿರಲೇಬೇಕು.

ಹೀಗೆ ಬೆಂಕಿಯನ್ನು ಹೊರಗಿಟ್ಟ ಮೇಲೆ ಪಿಜ್ಜಾದ ಗತಿಯೇನು? ಅದರ ತವರಾದ ನೇಪಲ್ಸಿನಲ್ಲಿ ಅದನ್ನು ಬೇಯಿಸುವುದು ಸೌದೆ ಉರಿಯುವ ಇಟ್ಟಿಗೆಯ ಗುಮ್ಮಟದಲ್ಲಿ. ಆ ಕುಶಲಕಲೆಯನ್ನು 2017ರಲ್ಲಿ ಯುನೆಸ್ಕೋ ಸಂಸ್ಥೆ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಸೌದೆಯ ಹೊಗೆಯ ಕಂಪಿನಲ್ಲಿಯೇ ಎಲ್ಲ ರಹಸ್ಯವೂ ಅಡಗಿದೆ ಎನ್ನುವವರುಂಟು. ನನಗೆ ಈ ಮಾತು ಅಷ್ಟಾಗಿ ಹಿಡಿಸುವುದಿಲ್ಲ. ಹೊಗೆ ಗುಮ್ಮಟದ ಮೇಲ್ಭಾಗವನ್ನು ಹಿಡಿದು ಹೊರಗೆ ಹೋಗುತ್ತದೆ. ಕೆಳಗೆ ಒಂದೆರಡು ನಿಮಿಷ ಮಾತ್ರ ಇರುವ ಪಿಜ್ಜಾಕ್ಕೆ ಅದು ತಾಗುವುದೆಷ್ಟು? ರಹಸ್ಯವನ್ನು ಹುಡುಕಬೇಕಾದುದು ನೆಲದ ಇಟ್ಟಿಗೆಯಲ್ಲಿ.

ಇಲ್ಲಿ ನಮಗೆ ಪರಿಚಿತವಾದ ಉದಾಹರಣೆಯೊಂದಿದೆ. ದಕ್ಷಿಣ ಕನ್ನಡದಲ್ಲಿ ಮಣ್ಣಿನ ಓಡಿನ ಮೇಲೆ ದಪ್ಪನಾದ ದೋಸೆಯನ್ನು ಹುಯ್ಯುತ್ತಾರೆ. ಅದೇ ಹಿಟ್ಟನ್ನು ಅಷ್ಟೇ ಕಾದ ಕಬ್ಬಿಣದ ಕಾವಲಿಯ ಮೇಲೆ ಅಷ್ಟೇ ದಪ್ಪನಾಗಿ ಹುಯ್ದರೆ, ಒಳಗೆ ಬೇಯುವ ಮುಂಚೆಯೇ ತಳ ಸೀದುಹೋಗುತ್ತದೆ. ಓಡೂ ಕಾವಲಿಯೂ ಒಂದೇ ಉಷ್ಣತೆಯಲ್ಲಿದ್ದರೂ ಹಿಟ್ಟಿಗೆ ಅವು ಕೊಡುವ ಶಾಖ ಒಂದೇ ಅಲ್ಲ. ಉಷ್ಣತೆ ಬೇರೆ, ಶಾಖ ಬೇರೆ ಎಂದು ನಾವು ತರಗತಿಯಲ್ಲಿ ಹೇಳುತ್ತೇವೆ, ವಿದ್ಯಾರ್ಥಿಗಳು ಬರೆದುಕೊಳ್ಳುತ್ತಾರೆ. ಆದರೆ ಅಡುಗೆಯ ಅಜ್ಜಿಗೆ ಇದು ಬರೆದುಕೊಳ್ಳದೆಯೇ ಗೊತ್ತು.

ಇದನ್ನು ಲೆಕ್ಕಕ್ಕೆ ಇಳಿಸಬಹುದು. ಬಿಸಿಯಾದ ವಸ್ತುವಿನ ಮೇಲೆ ತಣ್ಣನೆಯ ವಸ್ತುವನ್ನು ಇಟ್ಟ ಕ್ಷಣದಲ್ಲಿ ಅವೆರಡೂ ಕೂಡುವ ಮೇಲ್ಮೈ ಎಷ್ಟು ಬಿಸಿಯಾಗುತ್ತದೆ? ಬಿಸಿವಸ್ತುವಿನ ಮೇಲ್ಮೈಯಲ್ಲಿ ಇದ್ದ ಶಾಖವನ್ನು ತಣ್ಣನೆಯ ವಸ್ತು ಕಸಿದುಕೊಳ್ಳುತ್ತದೆ. ಆ ನಷ್ಟವನ್ನು ಒಳಗಿನಿಂದ ಎಷ್ಟು ಬೇಗ ತುಂಬಿಕೊಡಬಲ್ಲದೆಂಬುದು ಆ ವಸ್ತುವಿನ ಉಷ್ಣವಾಹಕತೆ, ಸಾಂದ್ರತೆ, ವಿಶಿಷ್ಟೋಷ್ಣ ಈ ಮೂರನ್ನೂ ಅವಲಂಬಿಸಿದೆ. ಮೂರನ್ನೂ ಗುಣಿಸಿ ವರ್ಗಮೂಲವನ್ನು ತೆಗೆದರೆ ಬರುವ ಸಂಖ್ಯೆಯನ್ನು, ಈ ಲೇಖನದ ಮಟ್ಟಿಗೆ, ವಸ್ತುವಿನ ‘ಕೊಡುಗೈ’ ಎಂದು ಕರೆಯೋಣ. ಕೂಡುವ ಮೇಲ್ಮೈಯ ಉಷ್ಣತೆ ಎರಡು ವಸ್ತುಗಳ ಉಷ್ಣತೆಗಳ ನಡುವೆ ಇರುತ್ತದೆ. ಆದರೆ ಯಾವುದರ ಕೊಡುಗೈ ದೊಡ್ಡದೋ ಅದರ ಕಡೆಗೆ ವಾಲುತ್ತದೆ. ಪ್ರತಿಯೊಂದರ ಉಷ್ಣತೆಯನ್ನು ಅದರ ಕೊಡುಗೈಯಿಂದ ಗುಣಿಸಿ, ಎರಡನ್ನೂ ಕೂಡಿ, ಕೊಡುಗೈಗಳ ಮೊತ್ತದಿಂದ ಭಾಗಿಸಿದರಾಯಿತು. ಮುಂಜಾನೆ ಮರದ ಮಣೆಯ ಮೇಲೆ ಕಾಲಿಟ್ಟರೆ ಬೆಚ್ಚಗೂ ಪಕ್ಕದ ಕಲ್ಲುಚಪ್ಪಡಿಯ ಮೇಲಿಟ್ಟರೆ ಕೊರೆಯುವಷ್ಟು ತಣ್ಣಗೂ ಇರುವುದು ಇದೇ ಕಾರಣದಿಂದ. ಅಲ್ಲಿ ಶಾಖವನ್ನು ಕೊಡುವವರು ನಾವು.

ಸಾಮಾನ್ಯ ಮಾನಗಳಲ್ಲಿ ಪಿಜ್ಜಾದ ಕಣಕಕ್ಕೆ ಈ ಸಂಖ್ಯೆ ಸುಮಾರು 930, ಭಟ್ಟಿಯ ಇಟ್ಟಿಗೆಗೆ 1,350, ಸ್ಟೇನ್‌ಲೆಸ್ ಸ್ಟೀಲಿಗೆ 8,200. ಇಟ್ಟಿಗೆಯು ಕಣಕಕ್ಕೆ ಹೆಚ್ಚುಕಡಮೆ ಸರಿಜೋಡಿ. ಸ್ಟೀಲೋ ಅದರ ಒಂಬತ್ತು ಪಟ್ಟು ಧಾರಾಳಿ. ಇಟ್ಟಿಗೆ 330 ಡಿಗ್ರಿ ಸೆಂಟಿಗ್ರೇಡಿನಲ್ಲಿಯೂ ಕಣಕ 20 ಡಿಗ್ರಿಯಲ್ಲಿಯೂ ಇದ್ದರೆ ತಳದ ಉಷ್ಣತೆ ಸುಮಾರು 205 ಡಿಗ್ರಿಯಾಗುತ್ತದೆ. ಹದವಾಗಿ ಕೆಂಪಗೆ ಬೇಯಲು ಇದು ತಕ್ಕ ಉಷ್ಣತೆ. ಅದೇ 330 ಡಿಗ್ರಿಗೆ ಕಾದ ಸ್ಟೀಲಿನ ತಟ್ಟೆಯ ಮೇಲಿಟ್ಟರೆ ತಳ ಸುಮಾರು 300 ಡಿಗ್ರಿಗೆ ಏರುತ್ತದೆ. ಮೇಲಿನ ಟೊಮೇಟೊ ಇನ್ನೂ ಹಸಿಯಾಗಿರುವಾಗಲೇ ಕೆಳಗೆ ಇದ್ದಿಲು!

ಹಾಗಾದರೆ ಸ್ಟೀಲಿನ ಉಷ್ಣತೆಯನ್ನು ಇಳಿಸಬಾರದೇಕೆ? ಇಳಿಸಬಹುದು. 230 ಡಿಗ್ರಿಗೆ ಇಳಿಸಿದರೆ ತಳ ಮತ್ತೆ 208 ಡಿಗ್ರಿಯ ಆಸುಪಾಸಿಗೆ ಬರುತ್ತದೆಂದು ಅದೇ ಲೆಕ್ಕ ಹೇಳುತ್ತದೆ. ಆದರೆ ಈಗ ತೊಡಕು ಮೇಲುಗಡೆ ಹುಟ್ಟುತ್ತದೆ. ಪಿಜ್ಜಾದ ಮೇಲ್ಭಾಗ ಬೇಯುವುದು ಗುಮ್ಮಟದಿಂದ ಬರುವ ವಿಕಿರಣದಿಂದ; ವಿಕಿರಣವಾದರೋ ನಿರಪೇಕ್ಷ ಉಷ್ಣತೆಯ ನಾಲ್ಕನೆಯ ಘಾತವನ್ನು ಅನುಸರಿಸುತ್ತದೆ. 330 ಡಿಗ್ರಿ ಎಂದರೆ 603 ಕೆಲ್ವಿನ್. ಅಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ಮುಕ್ಕಾಲು ವಾಟಿನಷ್ಟು ಸುರಿಯುತ್ತದೆ. 230 ಡಿಗ್ರಿ, ಎಂದರೆ 503 ಕೆಲ್ವಿನ್ನಿನಲ್ಲಿ, ಅದು 0.36 ವಾಟಿಗೆ ಇಳಿಯುತ್ತದೆ, ಅರ್ಧಕ್ಕಿಂತಲೂ ಕಡಮೆ. ವರ್ಲಮೋವ್ ಮತ್ತು ಗ್ಲಾಟ್ಜ್ ಎಂಬ ಇಬ್ಬರು ಭೌತವಿಜ್ಞಾನಿಗಳು ಆಹಾರದ ವಿದ್ವಾಂಸರಾದ ಗ್ರಾಸ್ಸೋ ಅವರೊಡನೆ ಕೂಡಿ 2018ರಲ್ಲಿ ಈ ಲೆಕ್ಕವನ್ನು ವಿವರವಾಗಿ ಪ್ರಕಟಿಸಿದರು. ರೋಮಿನ ಇಟ್ಟಿಗೆಯ ಭಟ್ಟಿಯಲ್ಲಿ ಎರಡು ನಿಮಿಷಕ್ಕೆ ಆಗುವ ಪಿಜ್ಜಾ, 230 ಡಿಗ್ರಿಯ ಸ್ಟೀಲಿನ ಓವನ್ನಿನಲ್ಲಿ 170 ಸೆಕೆಂಡು ತೆಗೆದುಕೊಳ್ಳುತ್ತದೆಂದು ಅವರ ತೀರ್ಮಾನ. ಐವತ್ತು ಸೆಕೆಂಡು ದೊಡ್ಡದೇ ಎನ್ನಬೇಡಿ. ಕಣಕದಲ್ಲಿ ನೀರಿರುವಷ್ಟು ಹೊತ್ತು ಅದರ ಒಳಭಾಗ 100 ಡಿಗ್ರಿಯನ್ನು ಮೀರದು. ನೀರು ಆರಿಹೋಗುವ ಮುಂಚೆ ಹೊರಗೆ ತೆಗೆದರೆ ಮೆತ್ತಗಿನ ತಿರುಳು, ತಡಮಾಡಿದರೆ ಒಣ ಬಿಸ್ಕತ್ತು.

ಇದಕ್ಕೆ ಪರಿಹಾರ ಸುಲಭ. ಹಡಗಿಗೂ ಪೀಣ್ಯದ ಷೆಡ್ಡಿಗೂ ಒಂದೇ. ಓವನ್ನಿನ ಮೈಯೆಲ್ಲ ಸ್ಟೀಲಾಗಿರಲಿ, ನೆಲಕ್ಕೆ ಮಾತ್ರ ಕಲ್ಲಿನ ಅಥವಾ ಸುಟ್ಟ ಮಣ್ಣಿನ ಜಾತಿಯ ಹಲಗೆಯನ್ನು ಹಾಸಬೇಕು. ಕೆಳಗೊಂದು ಮೇಲೊಂದು ವಿದ್ಯುತ್ ತಂತಿಯ ಸುರುಳಿಗಳಿದ್ದು, ಎರಡನ್ನೂ ಬೇರೆ ಬೇರೆಯಾಗಿ ತಿರುಗಿಸಿ ಹದಗೊಳಿಸುವಂತಿರಬೇಕು. ಆಗ ತಳಕ್ಕೆ ಇಟ್ಟಿಗೆಯ ಸಾವಧಾನವೂ ಮೇಲಕ್ಕೆ ಗುಮ್ಮಟದ ಪ್ರಖರತೆಯೂ ದೊರೆಯುತ್ತವೆ. ಜ್ವಾಲೆಯ ಅಗತ್ಯವೇ ಇಲ್ಲ. ಪಿಜ್ಜಾಕ್ಕೆಂದು ತಯಾರಿಸುವ ಒಳ್ಳೆಯ ವಿದ್ಯುತ್ ಓವನ್ನುಗಳ ಒಳಗೆ ಇಣುಕಿದರೆ ಇದೇ ಏರ್ಪಾಡು ಕಾಣುತ್ತದೆ. ಅಗ್ಗದವುಗಳಲ್ಲಿ ಬರಿಯ ತಗಡಿನ ನೆಲ. ಕೊಳ್ಳುವವರು ಡಿಗ್ರಿಯ ಅಂಕಿಯನ್ನು ಮಾತ್ರ ನೋಡಿ ಮೋಸಹೋಗುತ್ತಾರೆ.

ಇನ್ನು ಪಾಸ್ತಾ. ನಮ್ಮ ಶಾವಿಗೆಯ ಈ ದಾಯಾದಿಯನ್ನು ಬೇಯಿಸಲು ಬೇಕಾದುದು ಬಹಳಷ್ಟು ಕುದಿನೀರು. ಈ ವಿಷಯದಲ್ಲಿ ಹಡಗು ಪೀಣ್ಯಕ್ಕಿಂತ ಅದೃಷ್ಟಶಾಲಿ. ಪೀಣ್ಯ ಕಡಲಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಹತ್ತರಲ್ಲೊಂದು ಪಾಲು ಕಡಮೆ, ನೀರು 97 ಡಿಗ್ರಿಯ ಸುಮಾರಿಗೇ ಕುದಿಯುತ್ತದೆ. ಕಡಲಿನ ಮೇಲೆ ಪೂರ್ತಿ 100 ಡಿಗ್ರಿ. ಉಪ್ಪು ಹಾಕಿದರೆ ಕುದಿಬಿಂದು ಏರುವುದೆಂದು ಪಾಠದಲ್ಲಿ ಓದಿದವರು ಆ ಮೂರು ಡಿಗ್ರಿಯನ್ನು ಉಪ್ಪಿನಿಂದ ಗಳಿಸಲು ಯತ್ನಿಸಬಹುದು. ಇಟಲಿಯವರ ರೂಢಿಯಂತೆ ಲೀಟರಿಗೆ 10 ಗ್ರಾಂ ಉಪ್ಪು ಹಾಕಿದರೆ ಏರುವುದು 0.17 ಡಿಗ್ರಿ ಮಾತ್ರ! ಉಪ್ಪು ರುಚಿಗೆ; ಬೇಯುವುದಕ್ಕಲ್ಲ. ಬೆಂಗಳೂರಿನವರು ಇನ್ನೂ ಸ್ವಲ್ಪ ಹೊತ್ತು ಕಾಯಬೇಕು, ಬೇರೆ ದಾರಿಯಿಲ್ಲ.

ಸುತ್ತಲೂ ಲೀಟರಿಗೆ 35 ಗ್ರಾಮಿನಷ್ಟು ಲವಣವಿರುವ ನೀರು; ಒಂದು ಪಾಲು ಕಡಲನೀರಿಗೆ ಎರಡೂವರೆ ಪಾಲು ಸಿಹಿನೀರು ಬೆರಸಿದರೆ ಪಾಸ್ತಾಕ್ಕೆ ಸರಿಯಾದ ಉಪ್ಪು ಎಂದು ಲೆಕ್ಕ ಹೇಳುತ್ತದೆ. ಯಾವ ಹಡಗಿನ ಅಡುಗೆಯವನೂ ಹೀಗೆ ಮಾಡಲಾರ. ಕಡಲನೀರಿನಲ್ಲಿ ಕಹಿಯಾದ ಮೆಗ್ನೀಸಿಯಂ ಲವಣಗಳೂ ಉಂಟು, ಬಂದರಿನ ಕೊಳೆಯೂ ಉಂಟು. ಆದರೆ ಆ ಸಿಹಿನೀರು ಬರುವುದಾದರೂ ಎಲ್ಲಿಂದ? ಬಹುಪಾಲು ಕಡಲಿನಿಂದಲೇ. ಇಲ್ಲಿ ಒಂದು ಸೊಗಸಾದ ಸಂಗತಿಯಿದೆ. ಎಂಜಿನ್ನುಗಳನ್ನು ತಣಿಸಿ ಬಂದ ನೀರು ಸುಮಾರು 80 ಡಿಗ್ರಿಯಷ್ಟು ಬಿಸಿಯಾಗಿರುತ್ತದೆ. ಬರಿದೆ ಹೋಗುವ ಈ ಶಾಖದಿಂದ ಕಡಲನೀರನ್ನು 100 ಡಿಗ್ರಿಗೆ ಏರಿಸಲಾಗದು. ಅದಕ್ಕೆ ಬದಲಾಗಿ ಕುದಿಬಿಂದುವನ್ನೇ ಇಳಿಸುತ್ತಾರೆ. ಮುಚ್ಚಿದ ಪಾತ್ರೆಯೊಳಗಿನ ಗಾಳಿಯನ್ನು ಹೀರಿ, ಒತ್ತಡವನ್ನು ವಾತಾವರಣದ ಎಂಟನೆಯ ಒಂದು ಪಾಲಿಗೆ ತಂದರೆ ನೀರು 50 ಡಿಗ್ರಿಯಲ್ಲಿಯೇ ಕುದಿಯುತ್ತದೆ. ಆವಿಯನ್ನು ತಣಿಸಿದರೆ ಸಿಹಿನೀರು ಸಿದ್ಧ. ಪೀಣ್ಯದ ಎತ್ತರ ನಮಗೆ ತಂದೊಡ್ಡಿದ ತೊಂದರೆಯನ್ನೇ ಹಡಗಿನವರು ಬೇಕೆಂದು ಹೆಚ್ಚಿಸಿಕೊಂಡು ಲಾಭ ಪಡೆಯುತ್ತಾರೆ. ಇದಲ್ಲದೆ, ಕಡಲನೀರನ್ನು ಅತಿಸೂಕ್ಷ್ಮವಾದ ಪೊರೆಯ ಮೂಲಕ ಅಧಿಕ ಒತ್ತಡದಿಂದ ಹಾಯಿಸಿ ಉಪ್ಪನ್ನು ಹಿಂದಕ್ಕೆ ಉಳಿಸುವ ವಿಧಾನವೂ ಬಳಕೆಯಲ್ಲಿದೆ.

ಹೀಗೆ ದೊರೆತ ನೀರನ್ನು ದೊಡ್ಡ ಪ್ರಮಾಣದಲ್ಲಿ ಕುದಿಸುವುದು ಎರಡು ಗೋಡೆಯ ಹಂಡೆಗಳಲ್ಲಿ. ಗೋಡೆಗಳ ನಡುವೆ ಹಬೆ ಹರಿಯುತ್ತದೆ. ವಾತಾವರಣದ ಎರಡರಷ್ಟು ಒತ್ತಡದಲ್ಲಿರುವ ಹಬೆಯ ಉಷ್ಣತೆ 120 ಡಿಗ್ರಿ. ಅದು ಗೋಡೆಗೆ ತಾಗಿ ನೀರಾಗುವಾಗ ಕಿಲೋಗ್ರಾಮಿಗೆ ಸುಮಾರು 2,200 ಕಿಲೋಜೂಲಿನಷ್ಟು ಗುಪ್ತೋಷ್ಣವನ್ನು ಬಿಟ್ಟುಕೊಡುತ್ತದೆ. ತಳ 120 ಡಿಗ್ರಿಯನ್ನು ಮೀರದಿರುವುದರಿಂದ ಟೊಮೇಟೊ ಸಾರು ತಳಹಿಡಿದು ಸೀಯುವ ಭಯ ಕಡಮೆ. ಬೆಂಗಳೂರಿನ ಹೋಟೆಲುಗಳಲ್ಲಿ ಇಡ್ಲಿ ಬೇಯಿಸುವ ಹಬೆಯ ವ್ಯವಸ್ಥೆಯನ್ನು ಕಂಡವರಿಗೆ ಇದು ಹೊಸದೆನಿಸದು.

ಕೊನೆಯದಾಗಿ ಹಡಗಿನ ತೂಗಾಟ. ಇಂದಿನ ನೌಕೆಗಳ ಎರಡು ಪಕ್ಕಗಳಲ್ಲಿ ನೀರಿನೊಳಗೆ ಮೀನಿನ ಈಜುರೆಕ್ಕೆಯಂಥ ಫಲಕಗಳಿದ್ದು ಓಲಾಟವನ್ನು ಬಹಳ ತಗ್ಗಿಸುತ್ತವೆ. ಆದರೂ ಹಡಗು 5 ಡಿಗ್ರಿ ವಾಲಿತೆನ್ನೋಣ. 60 ಸೆಂಟಿಮೀಟರು ಅಗಲದ ಹಂಡೆಯಲ್ಲಿ ಒಂದು ಪಕ್ಕದ ನೀರು ಎರಡೂವರೆ ಸೆಂಟಿಮೀಟರಿಗೂ ಮೇಲೆ ಏರುತ್ತದೆ. ಆದುದರಿಂದ ಹಂಡೆಯನ್ನು ಕಂಠಮಟ್ಟ ತುಂಬುವಂತಿಲ್ಲ. ಒಲೆಯ ಮೇಲೆ ಪಾತ್ರೆ ಜಾರದಂತೆ ಕಂಬಿಗಳಿರುತ್ತವೆ, ಮೇಜುಗಳಿಗೆ ಎತ್ತರದ ಅಂಚಿರುತ್ತದೆ. ಸಮಾಧಾನದ ಸಂಗತಿಯೆಂದರೆ, ಅಂಥ ಹಂಡೆಯ ಅರ್ಧ ತುಂಬಿದ ನೀರು ತಾನಾಗಿ ತುಳುಕುವ ಅವಧಿ ಒಂದು ಸೆಕೆಂಡಿಗೂ ಕಡಮೆ. ದೊಡ್ಡ ಹಡಗು ಒಮ್ಮೆ ಅತ್ತಿತ್ತ ಓಲಾಡಲು ಹದಿನೈದು ಇಪ್ಪತ್ತು ಸೆಕೆಂಡು ಹಿಡಿಯುತ್ತದೆ. ಎರಡಕ್ಕೂ ತಾಳ ಕೂಡುವುದಿಲ್ಲ, ಅನುರಣನವಿಲ್ಲ. ಮೇಲಿನ ಅಂತಸ್ತಿನ ಈಜುಕೊಳದ ಕತೆ ಬೇರೆ. ಹನ್ನೆರಡು ಮೀಟರು ಉದ್ದದ ಕೊಳ ತುಳುಕುವ ಅವಧಿ ಆರು ಸೆಕೆಂಡಿಗೂ ಮಿಕ್ಕಿ, ಅಲೆಗಳ ತಾಳಕ್ಕೆ ಸಮೀಪ. ಆದ್ದರಿಂದಲೇ ಕಡಲು ಕೆರಳಿದಾಗ ಕೊಳವನ್ನು ಬರಿದುಮಾಡಿ ಬಲೆ ಕಟ್ಟುತ್ತಾರೆ. ಅದರ ಪಕ್ಕದ ಉಪಾಹಾರ ಮಂದಿರದಲ್ಲಿ ಪಿಜ್ಜಾ ಬೇಯುತ್ತಲೇ ಇರುತ್ತದೆ.